ಡಮ್ಮಿ ಔಟ್‌ಪುಟ್ ಅಂದರೆ ಎಂತ? ಲಿನಕ್ಸ್‌ನಲ್ಲಿ ಸೌಂಡ್ ಡ್ರೈವರ್ ಆರಿಸುವ ಕತೆ

ಮಾವನ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ತುಂಬ ತಾಳಮದ್ದಳೆಯ ಕ್ಯಾಸೆಟ್‌ಗಳಿದ್ದವು. ಉಡುಪಿಯ ಮಳೆಗಾಲ ಗೊತ್ತಲ್ಲ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಲ್ಲಿ ಟೇಪು ಎಷ್ಟು ವರ್ಷ ಬಾಳೀತು? ಅರ್ಧದಷ್ಟಕ್ಕೆ ಆಗಲೇ ಬಿಳಿ ಬೂಷ್ಟು ಹಿಡಿದಿತ್ತು. ಉಳಿದದ್ದನ್ನಾದರೂ ಕಂಪ್ಯೂಟರಿಗೆ ಇಳಿಸಿಡೋಣ ಅಂತ ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಹೋದೆ. ಚಾವಡಿಯ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಮೊದಲು ಸುಮ್ನೆ ಲ್ಯಾಪ್‌ಟಾಪಿನಲ್ಲೇ ಒಂದು ಪದ್ಯ ಹಾಕಿ ನೋಡಿದೆ. ಸದ್ದೇ ಇಲ್ಲ. ಸೌಂಡ್ ಸೆಟ್ಟಿಂಗ್ ತೆರೆದರೆ ಸ್ಪೀಕರಿನ ಹೆಸರು ಇರಬೇಕಾದ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಕಾಣಿಸಿತು.

“ಎಂತ ಮಾರಾಯ, ಇಷ್ಟು ದುಡ್ಡು ಕೊಟ್ಟ ಕಂಪ್ಯೂಟರಿಗೆ ಬಾಯಿಯೇ ಇಲ್ವಾ?” ಅಂದರು ಮಾವ.

“ಬಾಯಿ ಉಂಟು ಮಾವ. ಡ್ರೈವರ್ ಸರಿ ಕೂತಿಲ್ಲ ಅಂತ ಕಾಣ್ತದೆ.”

“ಹಾಗಾದ್ರೆ ಬೇರೆ ಡ್ರೈವರ್ ಹಾಕು.”

ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ವಿಂಡೋಸ್ ಬಳಸಿದವರೆಲ್ಲ ಹಾಗೇ ಹೇಳುತ್ತಾರೆ. ಅಲ್ಲಿ ಡ್ರೈವರ್ ಅಂದರೆ ಸೌಂಡ್ ಕಾರ್ಡನ್ನು ಓಡಿಸಲು ಅದರ ಕಂಪನಿ ಕೊಡುವ ಒಂದು ಫೈಲು. ಮೊದಲು ಸಿಡಿಯಲ್ಲಿ ಬರುತ್ತಿತ್ತು, ಈಗ ಡೌನ್‌ಲೋಡ್ ಮಾಡಬೇಕು. ಲಿನಕ್ಸ್‌ನಲ್ಲಿ ಡ್ರೈವರುಗಳು ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಜೊತೆಗೇ ಬರುತ್ತವೆ. ನೂರಾರು ಸೌಂಡ್ ಕಾರ್ಡುಗಳ ಡ್ರೈವರ್ ಮಾಡ್ಯೂಲುಗಳು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಈಗಾಗಲೇ ಇವೆ. ಯಂತ್ರ ಶುರುವಾಗುವಾಗ ಕರ್ನಲ್ ಪ್ರತಿಯೊಂದು ಚಿಪ್ಪಿನ ಗುರುತಿನ ನಂಬರ್ ಓದುತ್ತದೆ, ಅದಕ್ಕೆ ಹೊಂದುವ ಮಾಡ್ಯೂಲನ್ನು ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ‘ಯಾವ ಡ್ರೈವರ್ ಹಾಕಲಿ’ ಅಂತ ಹುಡುಕಿಕೊಂಡು ಹೋಗುವ ಮೊದಲು ಕೇಳಬೇಕಾದದ್ದು ‘ಯಾವ ಡ್ರೈವರ್ ಬಂದು ಕೂತಿದೆ’ ಅಂತ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕಿಂತ ಮೊದಲು, ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಿಬಿಡೋಣ. ನಮ್ಮ ಕಡೆ ಆಟಕ್ಕೋ ಕೂಟಕ್ಕೋ ಮೈಕ್‌ಸೆಟ್ಟಿನವರು ಬರುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಭಾಗವತರಿಗೊಂದು ಮೈಕು, ಚೆಂಡೆ ಮದ್ದಳೆಗೊಂದೊಂದು, ಅರ್ಥಧಾರಿಗಳಿಗೆ ನಾಲ್ಕು. ಎಲ್ಲ ವಯರುಗಳೂ ಮಿಕ್ಸರಿನ ಮುಂದೆ ಕೂತ ಹುಡುಗನ ಹತ್ತಿರ ಬರುತ್ತವೆ. ಅವನು ಎಲ್ಲವನ್ನೂ ಹದ ಮಾಡಿ ಒಂದೇ ವಯರಿನಲ್ಲಿ ಆಂಪ್ಲಿಫೈಯರಿಗೆ ಕಳಿಸುತ್ತಾನೆ. ಕಂಪ್ಯೂಟರಿನಲ್ಲಿ ಬ್ರೌಸರ್, ಮ್ಯೂಸಿಕ್ ಪ್ಲೇಯರ್, ರೆಕಾರ್ಡಿಂಗ್ ಸಾಫ್ಟ್‌ವೇರ್ ಇವೆಲ್ಲ ಮೈಕುಗಳು. ಮಿಕ್ಸರಿನ ಹುಡುಗನೇ ಸೌಂಡ್ ಸರ್ವರ್. ಅವನಿಂದ ಮುಂದಿನ ವಯರು, ಆಂಪ್ಲಿಫೈಯರಿನ ಗುಂಡಿಗಳು, ಇವು ಡ್ರೈವರಿನ ಪಾಲು. ‘ಡಮ್ಮಿ ಔಟ್‌ಪುಟ್’ ಅಂದರೆ ಹುಡುಗ ಬಂದು ಕೂತಿದ್ದಾನೆ, ಆದರೆ ಅವನಿಗೆ ಆಂಪ್ಲಿಫೈಯರೇ ಸಿಕ್ಕಿಲ್ಲ ಎಂದರ್ಥ. ಸುಮ್ಮನೆ ಗಾಳಿಗೆ ಮಿಕ್ಸಿಂಗ್ ಮಾಡುತ್ತಿದ್ದಾನೆ, ಪಾಪ.

ಹೆಸರುಗಳ ಗೊಂದಲ

ಲಿನಕ್ಸ್ ಸೌಂಡ್ ಅಂತ ಹುಡುಕಿದರೆ ಓಎಸ್‌ಎಸ್, ಆಲ್ಸಾ, ಪಲ್ಸ್ ಆಡಿಯೊ, ಜ್ಯಾಕ್, ಪೈಪ್‌ವೈರ್ ಅಂತ ಹೆಸರಿನ ಸಾಲೇ ಎದುರಾಗುತ್ತದೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂತ ಹೊಸಬರು ಗಾಬರಿಯಾಗುತ್ತಾರೆ. ಆದರೆ ಇವೆಲ್ಲ ಒಂದೇ ಜಾತಿಯವಲ್ಲ. ಮೊದಲೆರಡು ಡ್ರೈವರಿನ ಮಟ್ಟದವು, ಉಳಿದ ಮೂರು ಮಿಕ್ಸರಿನ ಹುಡುಗರು.

1992ರಲ್ಲಿ ಫಿನ್ಲೆಂಡಿನ ಹಾನ್ನು ಸವೊಲೈನೆನ್ ಎಂಬವರು ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆದರು. ಅದೇ ಬೆಳೆದು ಓಎಸ್‌ಎಸ್ ಆಯಿತು. ಅದರಲ್ಲೊಂದು ದೊಡ್ಡ ಕಿರಿಕಿರಿ ಇತ್ತು. ಸಾಮಾನ್ಯ ಕಾರ್ಡುಗಳಲ್ಲಿ ಒಂದು ಸಾಫ್ಟ್‌ವೇರ್ ಕಾರ್ಡನ್ನು ಹಿಡಿದುಕೊಂಡಿದ್ದರೆ ಇನ್ನೊಂದಕ್ಕೆ ‘ಡಿವೈಸ್ ಬ್ಯುಸಿ’ ಎಂಬ ಉತ್ತರ ಬರುತ್ತಿತ್ತು. ಹಾಡು ಕೇಳುತ್ತಿದ್ದರೆ ಬೇರೆ ಯಾವ ಸದ್ದೂ ಇಲ್ಲ. ಹೊಸ ಕಾರ್ಡುಗಳ ಡ್ರೈವರುಗಳು ದುಡ್ಡು ಕೊಡುವ ಆವೃತ್ತಿಯಲ್ಲಿ ಮಾತ್ರ ಸಿಗಲು ಶುರುವಾದಾಗ ಜನರಿಗೆ ಬೇಸರವೂ ಬಂತು. 1998ರಲ್ಲಿ ಚೆಕ್ ದೇಶದ ಯರೊಸ್ಲಾವ್ ಕಿಸೆಲಾ ತಮ್ಮ ಗ್ರೇವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಶುರು ಮಾಡಿದ ಕೆಲಸವೇ ಆಲ್ಸಾ. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ಲಿನಲ್ಲಿ ಆಲ್ಸಾ ಗಾದಿಯೇರಿತು. 2007ರಲ್ಲಿ ಓಎಸ್‌ಎಸ್‌ನವರು ತಮ್ಮ ಕೋಡನ್ನು ಪೂರ್ತಿ ತೆರೆದಿಟ್ಟರು. ಮಳೆ ಬಿಟ್ಟ ಮೇಲೆ ಕೊಡೆ ಬಿಡಿಸಿದ ಹಾಗಾಯಿತು. ಇವತ್ತು ಲಿನಕ್ಸ್‌ನಲ್ಲಿ ಡ್ರೈವರ್ ಅಂದರೆ ಆಲ್ಸಾ ಡ್ರೈವರೇ. ‘ಓಎಸ್‌ಎಸ್ ಹಾಕಿ ನೋಡಿ’ ಅನ್ನುವ ಹಳೆಯ ಸಲಹೆ ಎಲ್ಲಾದರೂ ಕಂಡರೆ ಮುಂದೆ ಹೋಗಿಬಿಡಿ.

ಲಿನಕ್ಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಾದ ಫ್ರೀಬಿಎಸ್‌ಡಿ ಬಳಸುವವರ ಲೆಕ್ಕ ಬೇರೆ. ಅಲ್ಲಿ ಓಎಸ್‌ಎಸ್ ಶೈಲಿಯೇ ಇನ್ನೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಯಾವ ಡ್ರೈವರ್ ಅಂತ ಗೊತ್ತಿಲ್ಲದಿದ್ದರೆ ಎಲ್ಲ ಡ್ರೈವರುಗಳನ್ನೂ ಒಟ್ಟಿಗೆ ಎಳೆಯುವ ಒಂದು ಮಾಡ್ಯೂಲ್ ಅಲ್ಲಿದೆ. ಅದನ್ನು ಹಾಕಿ, ಯಾವುದು ಅಂಟಿಕೊಂಡಿತು ಅಂತ ‘ಸೌಂಡ್‌ಸ್ಟ್ಯಾಟ್’ ಫೈಲಿನಲ್ಲಿ ನೋಡಿ, ಅದೊಂದನ್ನೇ ಖಾಯಂ ಮಾಡಿಕೊಳ್ಳುವುದು. ಬೀಗಕ್ಕೆ ಗೊಂಚಲಿನ ಕೀಲಿ ಒಂದೊಂದಾಗಿ ಹಾಕಿ ನೋಡುವ ಕ್ರಮ. ನನಗೇನೋ ಅದರ ಸರಳತೆ ಇಷ್ಟ.

ನಿಮ್ಮ ಯಂತ್ರದಲ್ಲಿ ಯಾರಿದ್ದಾರೆ?

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು ‘ಎಪ್ಲೇ’ ಎಂಬ ಕಮಾಂಡಿಗೆ ಮೈನಸ್ ಎಲ್ ಸೇರಿಸಿ ಹೊಡೆದರೆ ಆಲ್ಸಾಗೆ ಕಾಣುವ ಕಾರ್ಡುಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಕಾರ್ಡು ಇದ್ದೂ ಸದ್ದಿಲ್ಲ ಅಂದರೆ ಡ್ರೈವರನ್ನು ಬೈಯಬೇಡಿ. ಹೆಚ್ಚಿನ ಸಲ ಕಾರಣ ತೀರ ಚಿಲ್ಲರೆ. ಸದ್ದು ಟಿವಿ, ಮಾನಿಟರ್ ಜೋಡಿಸುವ ಎಚ್‌ಡಿಎಂಐ ಕಡೆಗೆ ಹೋಗುತ್ತಿರಬಹುದು, ಯಾಕೆಂದರೆ ಗ್ರಾಫಿಕ್ಸ್ ಚಿಪ್ಪಿಗೂ ತನ್ನದೇ ಒಂದು ಸೌಂಡ್ ಕಾರ್ಡ್ ಇರುತ್ತದೆ. ಇಲ್ಲವೇ ‘ಆಲ್ಸಾಮಿಕ್ಸರ್’ ತೆರೆದರೆ ಯಾವುದೋ ಒಂದು ಕಂಬದ ಕೆಳಗೆ ಎರಡು ‘ಎಂ’ ಅಕ್ಷರ ಕೂತಿರುತ್ತದೆ. ಮ್ಯೂಟ್ ಅಂತ ಅರ್ಥ. ‘ಎಂ’ ಕೀಲಿ ಒತ್ತಿದರೆ ಹೋಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ತಾನಾಗಿ ಸುಮ್ಮನಾಗುವುದು ‘ಆಟೊ ಮ್ಯೂಟ್’ ಎಂಬ ಗುಂಡಿಯಿಂದ. ಹೆಡ್‌ಫೋನ್ ಬಂತೋ ಇಲ್ಲವೋ ಅಂತ ತಿಳಿಯಲು ಜ್ಯಾಕಿನೊಳಗೆ ಸಣ್ಣ ತಗಡಿನ ಸ್ವಿಚ್ಚು ಇರುತ್ತದೆ. ಉಪ್ಪುಗಾಳಿಗೆ, ತೇವಕ್ಕೆ ಅದು ಕಿಲುಬು ಹಿಡಿದರೆ ಹೆಡ್‌ಫೋನ್ ಇಲ್ಲದಿದ್ದರೂ ಇದೆ ಅಂತಲೇ ಹೇಳುತ್ತಿರುತ್ತದೆ. ಮಲ್ಪೆ ಕಡೆಯ ಗೆಳೆಯನೊಬ್ಬ ಇದೇ ಕಾರಣಕ್ಕೆ ಎರಡು ಸಲ ಲಿನಕ್ಸ್ ಮತ್ತೆ ಹಾಕಿದ್ದ. ಆಲ್ಸಾಮಿಕ್ಸರಿನಲ್ಲಿ ಆಟೊ ಮ್ಯೂಟ್ ಆಫ್ ಮಾಡಿದ್ದೇ ತಡ, ಸ್ಪೀಕರ್ ಮಾತಾಡಿತು.

ನನ್ನ ಕೇಸು ಹಾಗಿರಲಿಲ್ಲ. ಪಟ್ಟಿಯಲ್ಲಿ ಕಾರ್ಡೇ ಇರಲಿಲ್ಲ. ಆಗ ನೋಡಬೇಕಾದದ್ದು ‘ಎಲ್‌ಎಸ್‌ಪಿಸಿಐ’ ಕಮಾಂಡು, ಮೈನಸ್ ಎನ್‌ಎನ್‌ಕೆ ಸೇರಿಸಿ. ಅದು ಚಿಪ್ಪಿನ ಹೆಸರನ್ನೂ, ಅದಕ್ಕೆ ಯಾವ ಡ್ರೈವರ್ ಅಂಟಿದೆ ಅನ್ನುವುದನ್ನೂ, ಬೇರೆ ಯಾವ ಡ್ರೈವರುಗಳು ಹೊಂದುತ್ತವೆ ಅನ್ನುವುದನ್ನೂ ಹೇಳುತ್ತದೆ. ಲಿನಕ್ಸ್‌ನಲ್ಲಿ ನಿಜವಾಗಿಯೂ ಡ್ರೈವರ್ ‘ಆರಿಸುವ’ ಪ್ರಶ್ನೆ ಬರುವುದು ಇಲ್ಲಿ.

ಒಂದೇ ಚಿಪ್ಪು, ಎರಡು ಡ್ರೈವರು

2004ರಲ್ಲಿ ಇಂಟೆಲ್ ‘ಎಚ್‌ಡಿ ಆಡಿಯೊ’ ಎಂಬ ಕ್ರಮವನ್ನು ತಂದಿತು. ಅದರಲ್ಲಿ ಎರಡು ಭಾಗ. ಮದರ್‌ಬೋರ್ಡಿನ ಚಿಪ್‌ಸೆಟ್ಟಿನೊಳಗೆ ಒಂದು ಕಂಟ್ರೋಲರ್, ಹೊರಗೆ ರಿಯಲ್‌ಟೆಕ್ಕಿನದೋ ಇನ್ಯಾರದೋ ಒಂದು ಕೋಡೆಕ್ ಚಿಪ್ಪು. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು ಕೋಡೆಕ್ಕು. ಇದನ್ನೆಲ್ಲ ನೋಡಿಕೊಳ್ಳುವ ಲಿನಕ್ಸ್ ಡ್ರೈವರಿಗೆ ‘ಎಚ್‌ಡಿಎ ಇಂಟೆಲ್’ ಅಂತ ಹೆಸರು. ಹೆಸರಲ್ಲಿ ಇಂಟೆಲ್ ಇದ್ದರೂ ಎಎಂಡಿ, ಎನ್ವಿಡಿಯಾ ಕಂಟ್ರೋಲರುಗಳನ್ನೂ ಅದೇ ಓಡಿಸುತ್ತದೆ. ಹತ್ತು ಹದಿನೈದು ವರ್ಷ ಹಳೆಯ ಯಾವ ಲ್ಯಾಪ್‌ಟಾಪ್ ತೆಗೆದರೂ ಬಹುಪಾಲು ಇದೇ ಸಿಗುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಕೋಡೆಕ್ಕಿನ ಯಾವ ಕಾಲಿಗೆ ಸ್ಪೀಕರ್, ಯಾವುದಕ್ಕೆ ಮೈಕು ಅನ್ನುವುದು ಲ್ಯಾಪ್‌ಟಾಪ್ ತಯಾರಿಸುವವರ ಇಷ್ಟ. ಅದನ್ನು ಅವರು ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಮಿನಲ್ಲಿ, ಸರಿಯಾಗಿ ಬರೆದಿಡಬೇಕು. ಎಷ್ಟೋ ಸಲ ಬರೆಯುವುದಿಲ್ಲ. ಹಾಗಾಗಿ ಕರ್ನಲ್ಲಿನವರು ಒಂದು ಉದ್ದದ ಪಟ್ಟಿ ಇಟ್ಟುಕೊಂಡಿದ್ದಾರೆ: ಇಂಥ ನಂಬರಿನ ಲ್ಯಾಪ್‌ಟಾಪಿಗೆ ಇಂಥ ತಿದ್ದುಪಡಿ ಅಂತ. ಪ್ರತಿ ಹೊಸ ಕರ್ನಲ್ಲಿನಲ್ಲೂ ಅದಕ್ಕೆ ಒಂದಷ್ಟು ಸಾಲು ಸೇರುತ್ತದೆ. ಅದಕ್ಕೇ ನಾನು ಹೇಳುವುದು, ಲ್ಯಾಪ್‌ಟಾಪ್ ಹೊಸದಾಗಿದ್ದರೆ ಕರ್ನಲ್ಲೂ ಹೊಸದಿರಲಿ. ಯಾವುದೇ ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಇತ್ತೀಚಿನ ಲಿನಕ್ಸನ್ನು ಪೆನ್ ಡ್ರೈವಿನಲ್ಲಿ ಲೈವ್ ಆಗಿ ಹಾಕಿ ನೋಡಿ. ಅಲ್ಲಿ ಸದ್ದು ಬಂದರೆ ನಿಮ್ಮ ಯಂತ್ರಕ್ಕೆ ಬೇಕಾದದ್ದು ಅಪ್‌ಡೇಟ್, ಅಷ್ಟೆ.

ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ಕತೆ ಬದಲಾಗಿದೆ. ಪರದೆಯ ಮೇಲ್ಗಡೆ ಇರುವ ಡಿಜಿಟಲ್ ಮೈಕುಗಳ ವಯರು ಕೋಡೆಕ್ಕಿಗೆ ಹೋಗುವುದೇ ಇಲ್ಲ. ನೇರ ಇಂಟೆಲ್ ಚಿಪ್ಪಿನೊಳಗಿನ ಡಿಎಸ್‌ಪಿ ಎಂಬ ಸಣ್ಣ ಪ್ರೊಸೆಸರಿಗೆ ಹೋಗುತ್ತದೆ. ಆ ಡಿಎಸ್‌ಪಿ ಒಂದು ಪುಟ್ಟ ಕಂಪ್ಯೂಟರ್ ಇದ್ದಂತೆ, ಅದಕ್ಕೂ ಒಂದು ಪ್ರೋಗ್ರಾಂ ತುಂಬಿಸಬೇಕು. ಅದೇ ಫರ್ಮ್‌ವೇರ್. 2018ರಲ್ಲಿ ಶುರುವಾದ ‘ಸೌಂಡ್ ಓಪನ್ ಫರ್ಮ್‌ವೇರ್’ ಯೋಜನೆ ಇದನ್ನು ತೆರೆದ ಮೂಲದಲ್ಲಿ ಕೊಡುತ್ತದೆ. ಚುಟುಕಾಗಿ ‘ಸಾಫ್’ ಅನ್ನೋಣ.

ಅಂದರೆ ಒಂದೇ ಚಿಪ್ಪಿಗೆ ಈಗ ಎರಡು ದಾರಿ. ಹಳೆಯ ಎಚ್‌ಡಿಎ ಡ್ರೈವರ್, ಹೊಸ ಸಾಫ್ ಡ್ರೈವರ್. ಡಿಜಿಟಲ್ ಮೈಕು ಇದೆಯೋ ಇಲ್ಲವೋ ನೋಡಿ ಕರ್ನಲ್ ತಾನೇ ನಿರ್ಧಾರ ಮಾಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಾಫ್ ಅನ್ನು ಆರಿಸಿತ್ತು, ಸರಿಯಾಗಿಯೇ ಆರಿಸಿತ್ತು. ಆದರೆ ಡಿಎಸ್‌ಪಿಗೆ ತುಂಬಿಸಬೇಕಾದ ಫೈಲು ನನ್ನ ಡಿಸ್ಕಿನಲ್ಲಿ ಇರಲಿಲ್ಲ! ಕರ್ನಲ್ಲಿನ ದಿನಚರಿ, ಅಂದರೆ ‘ಡಿಮೆಸೇಜ್’ ತೆರೆದು ನೋಡಿದಾಗ ಫರ್ಮ್‌ವೇರ್ ಲೋಡ್ ಆಗಲಿಲ್ಲ, ‘ಎರರ್ ಮೈನಸ್ 2’ ಅಂತ ಬರೆದಿತ್ತು. ಮೈನಸ್ 2 ಅಂದರೆ ಫೈಲು ಸಿಗಲಿಲ್ಲ ಅಂತ. ಡ್ರೈವರ್ ಬಾಗಿಲವರೆಗೆ ಬಂದು, ಕೀಲಿ ಇಲ್ಲದೆ ವಾಪಸ್ ಹೋಗಿತ್ತು.

ಈ ಹಂತದಲ್ಲಿ ಒಂದು ಸುಲಭ ಉಪಾಯ ಎಲ್ಲೆಲ್ಲೂ ಕಾಣಸಿಗುತ್ತದೆ. ‘ಇಂಟೆಲ್ ಡಿಎಸ್‌ಪಿ ಕಾನ್ಫಿಗ್’ ಮಾಡ್ಯೂಲಿಗೆ ‘ಡಿಎಸ್‌ಪಿ ಡ್ರೈವರ್ ಈಕ್ವಲ್ 1’ ಅಂತ ಒಂದು ಆಯ್ಕೆ ಕೊಡುವುದು. ಸೊನ್ನೆ ಅಂದರೆ ಕರ್ನಲ್ಲಿನ ಇಷ್ಟ, 1 ಅಂದರೆ ಹಳೆಯ ಎಚ್‌ಡಿಎ, 3 ಅಂದರೆ ಸಾಫ್. ನಾನೂ 1 ಹಾಕಿ ರೀಬೂಟ್ ಮಾಡಿದೆ. ಸ್ಪೀಕರಿನಲ್ಲಿ ಚೆಂಡೆ ಗಡಗಡ ಅಂತು. ಮಾವ ತಲೆದೂಗಿದರು. ಆದರೆ ಮೈಕು ಮಾಯ. ಡಿಜಿಟಲ್ ಮೈಕು ಡಿಎಸ್‌ಪಿಗೆ ಜೋಡಿಸಿರುವಾಗ, ಡಿಎಸ್‌ಪಿಯನ್ನೇ ಬಿಟ್ಟು ಹೋಗುವ ಡ್ರೈವರಿಗೆ ಅದು ಕಾಣುವುದಾದರೂ ಹೇಗೆ, ಅಲ್ವಾ? ಮಾರನೆಯ ದಿನ ವಿಡಿಯೊ ಕಾಲ್ ಮಾಡಿದಾಗಲೇ ಗೊತ್ತಾಗುವ ಎಡವಟ್ಟು ಇದು.

ಸರಿಯಾದ ದಾರಿ ಅಂದರೆ ಆ ಆಯ್ಕೆ ತೆಗೆದುಹಾಕಿ, ಬೇಕಾದ ಪ್ಯಾಕೇಜು ಹಾಕುವುದು. ಪ್ಯಾಕೇಜಿನ ಹೆಸರು ಲಿನಕ್ಸಿನ ಬಗೆಯಿಂದ ಬಗೆಗೆ ಬೇರೆ: ಆರ್ಚ್‌ನಲ್ಲಿ ಅದು ‘ಸಾಫ್ ಫರ್ಮ್‌ವೇರ್’, ಫೆಡೋರಾದಲ್ಲಿ ‘ಆಲ್ಸಾ ಸಾಫ್ ಫರ್ಮ್‌ವೇರ್’, ಡೆಬಿಯನ್‌ನಲ್ಲಿ ‘ಫರ್ಮ್‌ವೇರ್ ಸಾಫ್ ಸೈನ್ಡ್’. ಫರ್ಮ್‌ವೇರಿನ ಜೊತೆ ಟೋಪಾಲಜಿ ಎಂಬ ಫೈಲು ಬರುತ್ತದೆ. ಯಾವ ಮೈಕು ಎಲ್ಲಿಗೆ, ಯಾವ ಸ್ಪೀಕರ್ ಎಲ್ಲಿಗೆ ಎಂಬ ನಕ್ಷೆ ಅದು. ‘ಆಲ್ಸಾ ಯುಸಿಎಂ ಕಾನ್ಫ್’ ಎಂಬ ಪ್ಯಾಕೇಜೂ ಇರಬೇಕು, ಯಾವ ಬಳಕೆಗೆ ಕಾರ್ಡಿನ ಯಾವ ಗುಂಡಿ ಹೇಗಿರಬೇಕು ಅಂತ ಹೇಳುವಂಥದ್ದು. ಈ ಮೂರರಲ್ಲಿ ಒಂದು ತಪ್ಪಿದರೂ ಕಾರ್ಡು ಅರೆಬರೆ ಎದ್ದು ಕೂರುತ್ತದೆ. ಹಾಕಿ ರೀಬೂಟ್ ಮಾಡಿದ ಮೇಲೆ ಸ್ಪೀಕರೂ ಬಂತು, ಮೈಕೂ ಬಂತು.

ಹಾಗಾದರೆ ಹಳೆಯ ಡ್ರೈವರನ್ನು ಯಾವಾಗ ಆರಿಸಬೇಕು? ಒಳಗಿನ ಮೈಕು ನಿಮಗೆ ಬೇಡವೇ ಬೇಡ ಅಂದಾಗ, ಇಲ್ಲವೇ ಸಾಫ್ ಜೊತೆ ಯಂತ್ರ ನಿದ್ರೆಯಿಂದ ಏಳುವಾಗ ತಕರಾರು ಮಾಡುತ್ತಿದ್ದರೆ. ಬೇರೆ ಕಾರಣ ನನಗೆ ತೋಚುವುದಿಲ್ಲ.

ಮಿಕ್ಸರಿನ ಹುಡುಗನ ವಿಚಾರ ಜಾಸ್ತಿ ಹೇಳುವಂಥದ್ದಿಲ್ಲ. 2004ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಶುರು ಮಾಡಿದ ಪಲ್ಸ್ ಆಡಿಯೊ 2007–08ರ ಹೊತ್ತಿಗೆ ಫೆಡೋರಾ, ಉಬುಂಟುಗಳಲ್ಲಿ ಬಂತು. ಬಂದ ಹೊಸತರಲ್ಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅದರಲ್ಲಿ ಎಷ್ಟೋ ತಪ್ಪು ಕೆಳಗಿನ ಡ್ರೈವರುಗಳದ್ದೇ ಆಗಿತ್ತು, ಅದುವರೆಗೆ ಬಯಲಿಗೆ ಬಂದಿರಲಿಲ್ಲ ಅಷ್ಟೆ. ಸಂಗೀತದವರಿಗೆ ಮಾತ್ರ ತಡವಾಗದ ಸದ್ದು ಬೇಕಿತ್ತು. ಅವರು ಜ್ಯಾಕ್ ಎಂಬ ಬೇರೆ ಸರ್ವರ್ ಬಳಸುತ್ತಿದ್ದರು. ಒಂದು ಓಡುವಾಗ ಇನ್ನೊಂದನ್ನು ಬದಿಗೆ ಸರಿಸುವುದೇ ಒಂದು ತಲೆನೋವು. ವಿಮ್ ಟೇಮನ್ಸ್ ಬರೆದ ಪೈಪ್‌ವೈರ್ ಈ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡುತ್ತದೆ. 2021ರ ಫೆಡೋರಾ 34ರಲ್ಲಿ ಅದು ಡಿಫಾಲ್ಟ್ ಆಯಿತು. ಆಮೇಲೆ ಉಬುಂಟು 22.10ರಲ್ಲೂ ಬಂತು. ಈಗ ಹೊಸದಾಗಿ ಲಿನಕ್ಸ್ ಹಾಕಿದರೆ ಸಾಮಾನ್ಯವಾಗಿ ಅದೇ ಇರುತ್ತದೆ. ಇದ್ದದ್ದನ್ನು ಹಾಗೇ ಬಿಡಿ. ಎರಡೆರಡು ಸರ್ವರ್ ಹಾಕಿ ಜಗಳ ಹಚ್ಚಬೇಡಿ.

ಕೊಡಪಾನವೋ ಚೆಂಬೋ

ಪೈಪ್‌ವೈರಿನಲ್ಲಿ ನೀವು ಮುಟ್ಟಬೇಕಾಗಿ ಬರುವ ಒಂದೇ ಸಂಗತಿ ಬಫರ್. ಡ್ರೈವರ್ ಸದ್ದನ್ನು ಹನಿ ಹನಿಯಾಗಿ ಅಲ್ಲ, ಪಾತ್ರೆ ಪಾತ್ರೆಯಾಗಿ ತೆಗೆದುಕೊಳ್ಳುತ್ತದೆ. ಬಾವಿಯಿಂದ ನೀರು ತಂದು ಬಚ್ಚಲ ಹಂಡೆಗೆ ತುಂಬುವಾಗ ಕೊಡಪಾನದಲ್ಲಿ ತಂದರೆ ಓಡಾಟ ಕಡಿಮೆ. ಆದರೆ ತುಂಬುವವರೆಗೆ ಕಾಯಬೇಕು. ಚೆಂಬಿನಲ್ಲಾದರೆ ತಕ್ಷಣ ನೀರು, ಆದರೆ ಒಂದು ಗಳಿಗೆ ಆಚೀಚೆ ನೋಡಿದರೂ ಹಂಡೆ ಬರಿದು. ಸದ್ದಿನಲ್ಲಿ ಹಂಡೆ ಬರಿದಾದಾಗ ಕೇಳಿಸುವುದೇ ಆ ಚಟಪಟ.

ಸದ್ದಿನ ಒಂದೊಂದು ಕ್ಷಣದ ಅಳತೆಗೆ ಸ್ಯಾಂಪಲ್ ಅನ್ನುತ್ತಾರೆ. ಪೈಪ್‌ವೈರ್ ಸಾಮಾನ್ಯವಾಗಿ 1,024 ಸ್ಯಾಂಪಲ್ಲಿನ ಪಾತ್ರೆ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಅಂದರೆ ಒಂದು ಪಾತ್ರೆಗೆ ಸುಮಾರು 21 ಮಿಲಿಸೆಕೆಂಡ್. ಹಾಡು ಕೇಳಲು, ಕ್ಯಾಸೆಟ್ ಇಳಿಸಲು ಇದು ಧಾರಾಳ. ಇನ್ನೂ ದೊಡ್ಡದು ಮಾಡಿದರೂ ನಷ್ಟವಿಲ್ಲ. ಆದರೆ ಮೈಕಿನಲ್ಲಿ ಹಾಡುತ್ತ ಹೆಡ್‌ಫೋನಿನಲ್ಲಿ ತನ್ನದೇ ದನಿ ಕೇಳುವವರಿಗೆ 21 ಮಿಲಿಸೆಕೆಂಡ್, ಅದರ ಮೇಲೆ ಬರುವ ದಾರಿಯದ್ದು ಬೇರೆ, ತಾಳ ತಪ್ಪಿಸಲು ಸಾಕು. ಅವರು 256ಕ್ಕೆ ಇಳಿಸಿದರೆ ಐದು ಚಿಲ್ಲರೆ ಮಿಲಿಸೆಕೆಂಡಿಗೆ ಬರುತ್ತದೆ. ಇಳಿಸಿದಾಗ ಚಟಪಟ ಶುರುವಾದರೆ ಡ್ರೈವರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಚೆಂಬು ಸಣ್ಣದಾಯಿತು, ಅಷ್ಟೇ.

ಇನ್ನು ಕ್ಯಾಸೆಟ್ಟಿನ ಕೆಲಸಕ್ಕೆ ಬಂದರೆ, ನಾನು ಮಾಡಿದ ದೊಡ್ಡ ತಪ್ಪು ಡ್ರೈವರಿನದ್ದಲ್ಲ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಒಂದೇ ಒಂದು ಜ್ಯಾಕಿಗೆ ವಯರು ಎಳೆದೆ. ಬಂದದ್ದು ಒಡೆದ ಮಡಕೆಯಂಥ ಸದ್ದು, ಅದೂ ಮೋನೊ. ಆ ಜ್ಯಾಕಿನಲ್ಲಿರುವುದು ಫೋನಿನ ಇಯರ್‌ಫೋನಿಗೆ ಅಂತ ಮಾಡಿದ ಮೈಕಿನ ದಾರಿ. ಕ್ಷೀಣ ಸದ್ದನ್ನು ಹಿಗ್ಗಿಸಲೆಂದೇ ಇರುವಂಥದ್ದು. ಅಲ್ಲಿಗೆ ಟೇಪಿನ ಜೋರು ಸದ್ದು ನುಗ್ಗಿಸಿದರೆ ಅದು ಚೀರುವುದು ಸಹಜ. ಇಂಥ ಜೋರು ಸದ್ದಿಗೆಂದೇ ಇರುವುದು ಲೈನ್-ಇನ್ ಎಂಬ ತೂತು. ಅದು ಯಂತ್ರದಲ್ಲೇ ಇಲ್ಲದಿದ್ದರೆ ಯಾವ ಡ್ರೈವರೂ ಸೃಷ್ಟಿಸಿ ಕೊಡುವುದಿಲ್ಲ.

ಲೈನ್-ಇನ್ ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಹೊರಗಿನಿಂದ ಚುಚ್ಚುವ ಸೌಂಡ್ ಕಾರ್ಡು, ತರಬೇಕಾಯಿತು. ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ “ಲಿನಕ್ಸಿಗೆ ಆಗ್ಲಿಕ್ಕಿಲ್ಲ, ಡ್ರೈವರ್ ವಿಂಡೋಸಿಗೆ ಮಾತ್ರ ಉಂಟು” ಅಂದರು. ಡಬ್ಬಿಯ ಮೇಲೂ ಹಾಗೇ ಇತ್ತು. ಆದರೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಕ್ಲಾಸ್ ಕಂಪ್ಲಯಂಟ್’ ಎಂಬ ಎರಡು ಪದ ಇದ್ದವು. ಯುಎಸ್‌ಬಿ ಆಡಿಯೊಗೆ ಎಲ್ಲ ಕಂಪನಿಗಳಿಗೂ ಒಂದೇ ಆದ ಒಪ್ಪಂದವಿದೆ. ಮೊದಲನೆಯದು 1998ರದ್ದು, ಎರಡನೆಯದು 2006ರದ್ದು. ಅದನ್ನು ಪಾಲಿಸುವ ಯಾವ ಪೆಟ್ಟಿಗೆಯನ್ನಾದರೂ ಲಿನಕ್ಸಿನ ‘ಯುಎಸ್‌ಬಿ ಆಡಿಯೊ’ ಎಂಬ ಒಂದೇ ಡ್ರೈವರ್ ಓಡಿಸುತ್ತದೆ. ಎರಡನೆಯ ಒಪ್ಪಂದಕ್ಕೆ ವಿಂಡೋಸ್ ತನ್ನದೇ ಡ್ರೈವರ್ ಕೊಟ್ಟದ್ದು 2017ರಲ್ಲಿ. ಲಿನಕ್ಸಿಗೆ ಅದು ವರ್ಷಗಳ ಮೊದಲೇ ಬಂದಿತ್ತು. ಅಂಗಡಿಯವರಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ, ದುಡ್ಡು ಕೊಟ್ಟು ತಂದೆ. ಲಿನಕ್ಸಿಗೆ ಡ್ರೈವರ್ ಆರಿಸುವ ಅತಿ ಒಳ್ಳೆಯ ಸಮಯ ಕಾರ್ಡು ಕೊಳ್ಳುವ ಮೊದಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಚುಚ್ಚಿದ ತಕ್ಷಣ ಪಟ್ಟಿಯಲ್ಲಿ ಹೊಸ ಕಾರ್ಡು ಬಂತು. 48,000 ಸ್ಯಾಂಪಲ್, 24 ಬಿಟ್, ಸ್ಟೀರಿಯೊ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು ಒಂದೂವರೆ ಜಿಬಿ ಜಾಗ. ಮೊದಲ ಕ್ಯಾಸೆಟ್ ಇಳಿಸಿ ಹಾಕಿದೆ. ಸದ್ದು ಸ್ವಚ್ಛವಾಗಿತ್ತು, ಚಕ್ರತಾಳದ ಕಿಣಿಕಿಣಿಯೂ ಕೇಳುತ್ತಿತ್ತು. ಮಾವ ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

“ಶ್ರುತಿ ಏರಿದೆ ಮಾರಾಯ. ಈ ಭಾಗವತರು ಇಷ್ಟು ಮೇಲೆ ಹಾಡುವವರೇ ಅಲ್ಲ.”

ನನ್ನ ಎದೆ ಧಸಕ್ಕೆಂದಿತು. 44,100ರಲ್ಲಿ ರೆಕಾರ್ಡ್ ಆದದ್ದನ್ನು 48,000 ಅಂತ ತಿಳಿದು ನುಡಿಸಿದರೆ ಸದ್ದು ನೂರಕ್ಕೆ ಒಂಬತ್ತರಷ್ಟು ವೇಗವಾಗುತ್ತದೆ, ಶ್ರುತಿ ಒಂದು ಮನೆಗಿಂತ ಜಾಸ್ತಿ ಏರುತ್ತದೆ. ಮತ್ತೆ ಡ್ರೈವರಿನ ತಕರಾರೇ? ‘ಪ್ರೊಕ್’ ಫೋಲ್ಡರಿನೊಳಗೆ ‘ಎಸೌಂಡ್’ ಅಂತ ಒಂದಿದೆ. ಕಾರ್ಡು ಈ ಕ್ಷಣ ನಿಜಕ್ಕೂ ಯಾವ ವೇಗದಲ್ಲಿ ಓಡುತ್ತಿದೆ ಅನ್ನುವುದನ್ನು ಅಲ್ಲಿನ ‘ಎಚ್‌ಡಬ್ಲ್ಯು ಪ್ಯಾರಮ್ಸ್’ ಫೈಲು ಹೇಳುತ್ತದೆ. ರೆಕಾರ್ಡ್ ಮಾಡುತ್ತ ತೆರೆದು ನೋಡಿದೆ: 48,000. ಇಳಿಸಿಟ್ಟ ಫೈಲಿನಲ್ಲೂ 48,000. ಕಂಪ್ಯೂಟರ್ ಕಡೆಯಿಂದ ಎಲ್ಲ ಸರಿ. ಏರಿದ್ದು ಟೇಪ್ ರೆಕಾರ್ಡರಿನ ಮೋಟಾರು. ಅದರ ಬೆನ್ನಲ್ಲಿ ವೇಗ ತಿದ್ದುವ ಒಂದು ಪುಟ್ಟ ತೂತು ಇರುತ್ತದೆ, ಒಳಗೆ ತಿರುಗಿಸುವ ಸ್ಕ್ರೂ. ಮಾವ ಎದ್ದು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸಣ್ಣ ಸ್ಕ್ರೂ ಡ್ರೈವರ್ ಹುಡುಕತೊಡಗಿದರು.